ತೀನ್ ಕಂದೀಲ್‌ನ ಆ ಹುಡುಗ ಮಧ್ಯಾಹ್ನ ಎಲ್ಲಿರ್ತಾನೆ?

ಪ್ರಶ್ನೆ: ಮೇಡಂ, ನಮಸ್ಕಾರ. ರಾಯಚೂರಿನ ತೀನ್ ಕಂದೀಲ್ ಹತ್ತಿರ ನಮ್ಮದೊಂದು ಬಟ್ಟೆ ಅಂಗಡಿ ಇದೆ. ದಿನಾ ಸಂಜೆ ಹನ್ನೊಂದು–ಹನ್ನೆರಡು ವರ್ಷದ ಒಬ್ಬ ಹುಡುಗ ಅಂಗಡಿ ಮುಂದೆ ಪೆನ್ನು, ಬಲೂನು ಮಾರುತ್ತಾನೆ. ಅವನ ತಂಗಿ ಪಕ್ಕದಲ್ಲೇ ಮಲ್ಲಿಗೆ ಹೂವು ಇಟ್ಟುಕೊಂಡು ಕೂರುತ್ತಾಳೆ. ಅಂಗಡಿ ಮುಚ್ಚುವ ಹೊತ್ತಿಗೆ ಹುಡುಗ ಬಂದು "ಸಾವ್ಕಾರ್ರೀ, ರಟ್ಟಿನ ಬಾಕ್ಸ್ ಅದಾವೇನ್ರಿ?" ಅಂತ ಕೇಳುತ್ತಾನೆ. ಸಾಲಿಗೆ ಹೋಗ್ತೀಯೇನೋ ಅಂದರೆ "ಹೋಗ್ತೀನ್ರಿ" ಅಂತಾನೆ, ನನಗೆ ನಂಬಿಕೆ ಬರುವುದಿಲ್ಲ. ಹಗಲೆಲ್ಲ ಇವನು ಎಲ್ಲಿರ್ತಾನೆ? ದುಡ್ಡು ಕೊಡಬೇಕೋ ಬೇಡವೋ? ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರೆ ಹಿಡಿದುಕೊಂಡು ಹೋಗಿ ಕೂಡಿ ಹಾಕ್ತಾರೆ ಅಂತಾರೆ, ನಿಜವಾ? ನಮ್ಮ ಮನೆಯವರು, ಬೀದಿಯಲ್ಲಿ ತಿರುಗುವ ಬದಲು ನಮ್ಮ ಅಂಗಡಿಯಲ್ಲೇ ಬಟ್ಟೆ ಮಡಚಿಕೊಂಡು ಇರಲಿ, ಊಟ ಹಾಕಿ ಕೈಗಿಷ್ಟು ಕೊಡೋಣ ಅಂತಾರೆ. ಸರಿಯಾ?
— ಒಬ್ಬ ವ್ಯಾಪಾರಸ್ಥ, ರಾಯಚೂರು

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಯಾಕೆಂದರೆ ಅದನ್ನು ನೀವು ನಾಳೆಯೇ ಮಾಡಿಬಿಡಬಹುದು. ಬೇಡ. ಹುಡುಗನನ್ನು ಅಂಗಡಿಯಲ್ಲಿ ಇಟ್ಟುಕೊಳ್ಳಬೇಡಿ. ನಿಮ್ಮ ಮನೆಯವರ ಮನಸ್ಸು ಒಳ್ಳೆಯದೇ. ಆದರೆ 14 ವರ್ಷ ತುಂಬದ ಮಗುವನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಬಂತು. ಅಪಾಯದ ಕೆಲಸ, ಅಪಾಯವಿಲ್ಲದ ಕೆಲಸ ಅನ್ನುವ ಭೇದ ಈ ವಯಸ್ಸಿನವರ ಮಟ್ಟಿಗೆ ಅಲ್ಲಿಗೆ ಮುಗಿಯಿತು. ಬಟ್ಟೆ ಮಡಚುವುದೂ ಕೆಲಸವೇ. ಸಿಕ್ಕಿಬಿದ್ದರೆ ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲು, ಇಲ್ಲವೇ 20,000ದಿಂದ 50,000 ರೂಪಾಯಿ ದಂಡ, ಇಲ್ಲವೇ ಎರಡೂ. ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ ಇದು. "ಸಂಬಳ ಕೊಟ್ಟಿಲ್ಲ, ಸುಮ್ನೆ ಊಟ ಹಾಕಿದೀನಿ" ಅಂದರೂ ನಡೆಯುವುದಿಲ್ಲ. ಕೆಲಸ ಮಾಡಲು ಬಿಟ್ಟರೂ ಅಪರಾಧವೇ.

14 ದಾಟಿದ ಮೇಲೂ ಬೇಕಾದಂತೆ ದುಡಿಸುವ ಹಾಗಿಲ್ಲ. 18 ತುಂಬುವವರೆಗೆ ಅಪಾಯದ ಕೆಲಸ ಕೂಡದು. ಬೇರೆ ಕೆಲಸಕ್ಕೂ ಸಂಜೆ 7ರಿಂದ ಬೆಳಗ್ಗೆ 8ರವರೆಗೆ ಇಟ್ಟುಕೊಳ್ಳುವಂತಿಲ್ಲ. ಮೂರು ಗಂಟೆ ಕೆಲಸವಾದ ಮೇಲೆ ಒಂದು ಗಂಟೆ ಬಿಡುವು ಕೊಡಬೇಕು. ಬಿಡುವು, ಕಾಯುವ ಹೊತ್ತು ಎಲ್ಲ ಸೇರಿ ದಿನಕ್ಕೆ ಆರು ಗಂಟೆ ಮೀರಬಾರದು. ಬಟ್ಟೆ ಅಂಗಡಿಯ ವ್ಯಾಪಾರ ಏರುವುದೇ ಸಂಜೆ ಏಳರ ನಂತರ, ಅಲ್ವಾ? ಹಾಗಾಗಿ ಹದಿನೈದರ ಹುಡುಗನನ್ನೂ ನಿಮ್ಮ ಅಂಗಡಿಗೆ ಹೊಂದಿಸುವುದು ಕಷ್ಟ.

ಕಾನೂನು ಬದಿಗಿಟ್ಟು ನೋಡಿದರೂ ನನ್ನ ಅಭಿಪ್ರಾಯ ಬೇರೆಯಾಗುವುದಿಲ್ಲ. ಬೀದಿಯಲ್ಲಿರುವ ಹುಡುಗನನ್ನು ಹತ್ತು ಜನ ನೋಡುತ್ತಾರೆ. ಯಾರಾದರೂ ಹೊಡೆದರೆ ಓಡಿಹೋಗಬಹುದು, ಬೇಸರವಾದರೆ ಮನೆಗೆ ಹೋಗಬಹುದು. ಒಳಗೆ ಸೇರಿಕೊಂಡ ಮಗುವಿಗೆ ಅಷ್ಟೂ ಇರುವುದಿಲ್ಲ. ನಾನು ನೋಡಿದ ಮಕ್ಕಳಲ್ಲಿ ತೀರಾ ಕೆಟ್ಟ ಸ್ಥಿತಿಯಲ್ಲಿದ್ದವರು ಚೌಕದಲ್ಲಿ ಬಲೂನು ಮಾರುವವರಲ್ಲ. ಖಾನಾವಳಿಗಳ ಹಿಂಬದಿಯಲ್ಲಿ ತಟ್ಟೆ ತೊಳೆಯುತ್ತ, ಅಲ್ಲೇ ಮೂಟೆಗಳ ಪಕ್ಕ ಮಲಗುವವರು. ಅವರ ಬಗ್ಗೆ ಯಾರೂ ಪ್ರಶ್ನೆ ಬರೆದು ಕಳಿಸುವುದಿಲ್ಲ, ಕಣ್ಣಿಗೆ ಬೀಳುವುದೇ ಇಲ್ಲವಲ್ಲ.

ಇನ್ನು ಮೊದಲ ಪ್ರಶ್ನೆ. ಮಧ್ಯಾಹ್ನ ಎಲ್ಲಿರ್ತಾನೆ? ನಿಮ್ಮ ಹುಡುಗನನ್ನು ನಾನು ನೋಡಿಲ್ಲ. ಆದರೆ ಇಂಥ ಮಕ್ಕಳ ಜೊತೆ ಈ ಊರಲ್ಲೇ ಕೆಲಸ ಮಾಡಿಕೊಂಡು ಬಂದವಳು. ನನ್ನ ಅಂದಾಜು ಕೇಳಿದರೆ: ಸಾಲಿಯಲ್ಲಿ. ಅವನು ನಿಮಗೆ ಹೇಳಿದ್ದು ಬಹುಶಃ ನಿಜ.

ಬೀದಿಯಲ್ಲಿ ದುಡಿಯುವ ಮಗು ಅಂದರೆ ಶಾಲೆಯ ಮುಖ ಕಾಣದ ಅನಾಥ ಅಂತ ನಾವು ತಿಳಿದುಕೊಂಡಿದ್ದೇವೆ. ಅಂಥವರೂ ಇದ್ದಾರೆ. ರೈಲ್ವೆ ಸ್ಟೇಷನ್ನಿನಲ್ಲಿ ಸಿಗುತ್ತಾರೆ. ರಾಯಚೂರು ಮುಂಬೈ–ಚೆನ್ನೈ ಮಾರ್ಗದ ಮೇಲಿದೆ, ರಾತ್ರಿಯಿಡೀ ಗಾಡಿ ಬರುತ್ತಿರುತ್ತವೆ, ಎಲ್ಲೋ ಹತ್ತಿದ ಮಗು ಇಲ್ಲಿ ಇಳಿದಿರುತ್ತದೆ. ಆದರೆ ಅವರು ಕಡಿಮೆ. ಕೆಲವು ಕಡೆ ಇಡೀ ಸಂಸಾರವೇ ಬಯಲಲ್ಲಿ, ಹಳಿಯ ಪಕ್ಕದಲ್ಲಿ ಟೆಂಟು ಹಾಕಿಕೊಂಡಿರುತ್ತದೆ. ಉಳಿದವರೇ ಜಾಸ್ತಿ: ಹಗಲು ಬೀದಿ, ರಾತ್ರಿ ಮನೆ. ಅವ್ವ ಇರುತ್ತಾಳೆ, ಅಪ್ಪ ಇದ್ದರೂ ಇರಬಹುದು, ಹಾಜರಿ ಪುಸ್ತಕದಲ್ಲಿ ಹೆಸರೂ ಇರುತ್ತದೆ. ನಿಮ್ಮ ಹುಡುಗ ತಂಗಿಯನ್ನು ಜೊತೆಗೆ ಕರೆದುಕೊಂಡು ಬರುತ್ತಾನೆ, ಇಬ್ಬರ ಹತ್ತಿರವೂ ಬೇರೆ ಬೇರೆ ಮಾಲು ಇದೆ ಅಂದಿರಿ. ಹಿಂದೆ ಒಂದು ಮನೆ ಇದೆ ಅನ್ನುವುದಕ್ಕೆ ಅಷ್ಟು ಗುರುತು ಸಾಕು.

ಅವನ ದಿನ ಎಷ್ಟು ಹೊತ್ತಿಗೆ ಶುರುವಾಗುತ್ತದೆ ಗೊತ್ತಾ? ರಟ್ಟು ಕೇಳುವ ಹುಡುಗ ಅಂದಮೇಲೆ ಬೆಳಗಿನ ಜಾವ ಐದಕ್ಕೆ. ಕಸದ ಗಾಡಿ ಬರುವುದಕ್ಕೆ ಮೊದಲು ಒಂದು ಸುತ್ತು ಮುಗಿಸಬೇಕು, ಆಮೇಲೆ ಹೋದರೆ ಏನೂ ಉಳಿದಿರುವುದಿಲ್ಲ. ಬೆನ್ನಿಗೆ ಚೀಲ, ಕೈಯಲ್ಲಿ ಒಂದು ಕೋಲು. ಕೋಲು ಕಸ ಕೆದಕುವುದಕ್ಕಿಂತ ಜಾಸ್ತಿ ನಾಯಿಗಳಿಗೆ. ಆ ಹೊತ್ತಿನಲ್ಲಿ ಬೀದಿ ನಾಯಿಗಳದ್ದೇ ರಾಜ್ಯ. ಚೀಲ ಹೊತ್ತವರನ್ನು ಕಂಡರೆ ಅವಕ್ಕೆ ಆಗುವುದಿಲ್ಲ. ಕಚ್ಚಿದರೆ ಮಕ್ಕಳು ಮನೆಯಲ್ಲಿ ಹೇಳುವುದಿಲ್ಲ, ನಾಳೆಯಿಂದ ಕಳಿಸುವುದಿಲ್ಲವೇನೋ ಅಂತ ಭಯ. ನಿಮ್ಮ ಅಂಗಡಿ ಮುಂದೆ ಓಡಾಡುವ ಮಕ್ಕಳ ಕಾಲಲ್ಲಿ ಹಲ್ಲಿನ ಗಾಯ ಕಂಡರೆ ಆಗಲೇ ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಸಿ. ಅವತ್ತೇ ಸರ್ಕಾರಿ ಆಸ್ಪತ್ರೆಗೆ ಕಳಿಸಿ. ಅರಿಶಿನ, ಖಾರದಪುಡಿ ಮೆತ್ತುವುದು ಬೇಡ.

ಕೆಲವು ಹುಡುಗರು ಹಳೇ ಸ್ಪೀಕರಿನ ಅಯಸ್ಕಾಂತಕ್ಕೆ ದಾರ ಕಟ್ಟಿ ರಸ್ತೆ ಮೇಲೆ ಎಳೆಯುತ್ತ ನಡೆಯುತ್ತಾರೆ. ಗ್ಯಾರೇಜುಗಳ ಮುಂದೆ ಮೊಳೆ, ನಟ್ಟು, ತಂತಿ ತುಣುಕು ತಾವಾಗಿ ಬಂದು ಅಂಟಿಕೊಳ್ಳುತ್ತವೆ. ನೋಡುವವರಿಗೆ ಆಟ ಅನ್ನಿಸುತ್ತದೆ. ಅವನು ಆಡುತ್ತಲೂ ಇರಬಹುದು ಅನ್ನಿ. ಆದರೆ ಕಬ್ಬಿಣಕ್ಕೆ ರಟ್ಟಿಗಿಂತ ರೇಟು ಚೆನ್ನಾಗಿದೆ ಅಂತ ಗೊತ್ತಿದ್ದೇ ಎಳೆಯುತ್ತಾನೆ. ತಾಮ್ರಕ್ಕೆ ಇನ್ನೂ ಜಾಸ್ತಿ. ಅದಕ್ಕೇ ವೈರಿನ ಪ್ಲಾಸ್ಟಿಕ್ಕು ಸುಟ್ಟು ತಾಮ್ರ ಬಿಡಿಸುತ್ತಾರೆ, ಆ ಹೊಗೆಯನ್ನೇ ಉಸಿರಾಡುತ್ತಾರೆ.

ಗುಜರಿ ಅಂಗಡಿ ಮುಂದೆ ಚೀಲ ಸುರಿದು ಬೇರೆ ಮಾಡುವುದನ್ನು ಒಮ್ಮೆ ನೋಡಬೇಕು ನೀವು. ನೀರಿನ ಬಾಟಲಿ ಒಂದು ಕಡೆ, ಅದರ ಮುಚ್ಚಳ ಇನ್ನೊಂದು ಕಡೆ, ಹಾಲಿನ ಕವರು, ರಟ್ಟು, ಬಿಯರ್ ಬಾಟಲಿ, ತಗಡು. ಎಂಟು ವರ್ಷದವರೂ ಕೈಯಲ್ಲಿ ಮುಟ್ಟಿ ಇದು ಯಾವ ಪ್ಲಾಸ್ಟಿಕ್ಕು ಅಂತ ಹೇಳುತ್ತಾರೆ. ರಟ್ಟು ಒದ್ದೆಯಾಗಿದ್ದರೆ ಅಂಗಡಿಯವನು ತೂಕದಲ್ಲಿ ಕಡಿಯುತ್ತಾನೆ. ತೂಕ ಬರಲಿ ಅಂತ ನಡುವಿನ ಪದರಕ್ಕೆ ಬೇಕಂತಲೇ ನೀರು ಚಿಮುಕಿಸುವ ಜಾಣರೂ ಇದ್ದಾರೆ. ಇಬ್ಬರಿಗೂ ಇದು ಗೊತ್ತು. ಗುಜರಿಯವನು ಮುಂಗಡ ಕೊಟ್ಟಿದ್ದರೆ ಮಾತ್ರ ಈ ಆಟವೆಲ್ಲ ಬಂದ್. ಆಗ ಹುಡುಗ ಬೇರೆ ಅಂಗಡಿಗೆ ಹಾಕುವಂತಿಲ್ಲ, ಗುಜರಿಯವನು ಹೇಳಿದ್ದೇ ರೇಟು. ಹಬ್ಬಕ್ಕೋ ಅವ್ವನ ಆಸ್ಪತ್ರೆ ಖರ್ಚಿಗೋ ತೆಗೆದುಕೊಂಡ ಸಣ್ಣ ಮೊತ್ತ ತಿಂಗಳುಗಟ್ಟಲೆ ತೀರುವುದಿಲ್ಲ.

ಎಂಟೂವರೆ, ಒಂಬತ್ತಕ್ಕೆ ಮನೆ. ಮುಖ ತೊಳೆದು ಯೂನಿಫಾರಂ ಹಾಕಿದರೆ ಸಾಲಿಗೆ ತಯಾರು. ಹೋಗುವುದಕ್ಕೆ ದೊಡ್ಡ ಕಾರಣ ಊಟ, ಇದರಲ್ಲಿ ಮುಜುಗರ ಪಡುವಂಥದ್ದು ಏನೂ ಇಲ್ಲ. ಬಿಸಿಯೂಟ 2002ರಲ್ಲಿ ಶುರುವಾದಾಗ ಮೊದಲು ಬಂದಿದ್ದೇ ರಾಯಚೂರು, ಕೊಪ್ಪಳ, ಬಳ್ಳಾರಿ ಸೇರಿದ ಈ ಭಾಗದ ಏಳು ಜಿಲ್ಲೆಗಳಿಗೆ. ಆಮೇಲೆ 2013ರಲ್ಲಿ ಹಾಲು ಬಂತು. 2021ರ ಕೊನೆಗೆ ನಮ್ಮ ಕಡೆಯ ಜಿಲ್ಲೆಗಳಲ್ಲಿ ಮೊಟ್ಟೆ ಬಂತು, 2024ರಿಂದ ಅದು ವಾರಕ್ಕೆ ಆರು ದಿನ ಆಯಿತು. ಹೊಟ್ಟೆ ತುಂಬಿದ ಮೇಲೆ ಹುಡುಗ ಡೆಸ್ಕಿನ ಮೇಲೆ ತಲೆ ಇಟ್ಟು ನಿದ್ದೆ ಹೋಗುತ್ತಾನೆ. ಐದಕ್ಕೆ ಎದ್ದವನಲ್ವಾ? ಮೇಷ್ಟ್ರಿಗೆ ಕಾಣುವುದು ಸೋಮಾರಿ ಹುಡುಗ. ಹಾಜರಿ ಪುಸ್ತಕದಲ್ಲಿ ಕಾಣುವುದು ದಿನಾ ಬರುವ ಹುಡುಗ. ಹೀಗೆ ಎಲ್ಲ ಲೆಕ್ಕದಲ್ಲೂ ಅವನು "ಶಾಲೆಯಲ್ಲಿದ್ದಾನೆ". ಏಳನೇ ಕ್ಲಾಸಿಗೆ ಬಂದರೂ ಒಂದು ಪುಟ ಓದಲು ಬರುವುದಿಲ್ಲ.

ಲೆಕ್ಕದ ವಿಷಯದಲ್ಲಿ ಒಂದು ವಿಚಿತ್ರ ಇದೆ. ಪೆನ್ನು ಮಾರುವಾಗ ಹತ್ತಕ್ಕೆ ಎರಡು, ಏಳು ಪೆನ್ನಿಗೆ ಎಷ್ಟು, ನೂರರ ನೋಟಿಗೆ ಚಿಲ್ಲರೆ ಎಷ್ಟು ಅಂತ ಅವನು ಕಣ್ಣು ಮಿಟುಕಿಸುವುದರಲ್ಲಿ ಹೇಳುತ್ತಾನೆ. ಅದನ್ನೇ ಬೋರ್ಡಿನ ಮೇಲೆ ಭಾಗಾಕಾರ ಅಂತ ಬರೆದರೆ ಸುಮ್ಮನಾಗುತ್ತಾನೆ. ಬ್ರೆಜಿಲ್‌ನ ರೆಸಿಫೆ ನಗರದ ಬೀದಿ ವ್ಯಾಪಾರಿ ಮಕ್ಕಳಲ್ಲಿ ಸಂಶೋಧಕರು ಇದನ್ನು 1985ರಲ್ಲೇ ತೋರಿಸಿದ್ದರು. ಕೋಲ್ಕತ್ತಾ ಮತ್ತು ದೆಹಲಿಯ ಮಾರುಕಟ್ಟೆಗಳ ಮಕ್ಕಳ ಮೇಲೆ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಜೊತೆಗಾರರು ಮಾಡಿದ ಅಧ್ಯಯನ 2025ರಲ್ಲಿ ಬಂತು. ಅಲ್ಲೂ ಇದೇ ಕಂಡಿತು, ಉಲ್ಟಾನೂ ಕಂಡಿತು: ಸಾಲಿಯಲ್ಲಿ ಚೆನ್ನಾಗಿ ಲೆಕ್ಕ ಮಾಡುವ ಮಕ್ಕಳು ಅಂಗಡಿ ಲೆಕ್ಕದಲ್ಲಿ ತಡವರಿಸಿದರು. ಹಾಗಾಗಿ "ಇವನಿಗೆ ತಲೆಗೆ ಹತ್ತಲ್ಲ" ಅಂತ ಯಾರಾದರೂ ಅಂದರೆ ಒಪ್ಪಬೇಡಿ. ಮಾರುಕಟ್ಟೆಯಲ್ಲಿ ಕಲಿತ ಲೆಕ್ಕವನ್ನು ಕಾಗದದ ಮೇಲೆ ತರಿಸಲು ಯಾರೂ ಕೂತಿಲ್ಲ, ಅಷ್ಟೇ.

ನಾಲ್ಕೂವರೆಗೆ ಸಾಲಿ ಬಿಟ್ಟರೆ ಐದಕ್ಕೆ ನಿಮ್ಮ ಚೌಕ. ಪೆನ್ನು, ಬಲೂನು ಸಾಮಾನ್ಯವಾಗಿ ಉದ್ರಿ ಮಾಲು. ಯಾರೋ ಒಬ್ಬ ದೊಡ್ಡವನು ಡಜನ್ ಲೆಕ್ಕದಲ್ಲಿ ಕೊಡುತ್ತಾನೆ, ರಾತ್ರಿ ಅಸಲು ಒಪ್ಪಿಸಬೇಕು. ಬಲೂನು ಒಡೆದರೆ ನಷ್ಟ ಹುಡುಗನದೇ.

ತಂಗಿಯ ವ್ಯಾಪಾರ ಇನ್ನೂ ಕಷ್ಟದ್ದು. ಮಲ್ಲಿಗೆ ಮೊಳದ ಲೆಕ್ಕದಲ್ಲಿ ಮಾರುವ ಮಾಲು. ಒಂಬತ್ತು ವರ್ಷದವಳ ಮೊಳ ಎಷ್ಟಿದ್ದೀತು? ಕೊಳ್ಳುವವರು ಬಿಡುತ್ತಾರಾ? "ನಿನ್ನ ಕೈ ಸಣ್ಣದು, ನನ್ನ ಕೈಯಾಗ ಅಳಿ" ಅಂತಾರೆ. ಅವಳು ಅವರ ಮೊಳಕ್ಕೆ ಅಳೆದು, ಮೇಲೆ ನಾಲ್ಕು ಬೆರಳು ಜಾಸ್ತಿ ಬಿಟ್ಟು ಕತ್ತರಿಸುತ್ತಾಳೆ. ಅವ್ವ ಕಟ್ಟಿ ಕಳಿಸುವಾಗ ತನ್ನ ಮೊಳಕ್ಕೆ ಎಣಿಸಿರುತ್ತಾಳೆ. ಸಂಜೆಯ ಕೊನೆಗೆ ಎರಡು ಮೂರು ಮೊಳ ಎಲ್ಲಿ ಹೋಯಿತು ಅಂತ ಮನೆಯಲ್ಲಿ ಲೆಕ್ಕ ಹತ್ತುವುದಿಲ್ಲ. ನಮ್ಮ ಊರಿನ ಬಿಸಿಲು ಬೇರೆ. ಏಪ್ರಿಲ್‌ನಲ್ಲಿ ಒದ್ದೆ ಬಟ್ಟೆ ಹೊದಿಸಿದ್ದರೂ ಏಳು ಗಂಟೆಗೆ ಹೂವು ಬಾಡಲು ಶುರು, ಎಂಟಕ್ಕೆ ಅರ್ಧ ರೇಟು, ಒಂಬತ್ತಕ್ಕೆ "ಅಕ್ಕಾ, ತಗೋರಿ, ಎಷ್ಟರ ಕೊಡ್ರಿ". ಇಷ್ಟೂ ಹೊತ್ತು ಅವಳು ನೀರು ಕುಡಿಯದೆ ಕೂತಿರುತ್ತಾಳೆ. ಕುಡಿದರೆ ಎಲ್ಲಿಗೆ ಹೋಗಬೇಕು? ಹುಡುಗರು ಗೋಡೆ ಹುಡುಕಿಕೊಳ್ಳುತ್ತಾರೆ, ಹುಡುಗಿಯರು ತಡೆದುಕೊಳ್ಳುತ್ತಾರೆ. ಉರಿಮೂತ್ರದ ತೊಂದರೆ ಈ ಮಕ್ಕಳಲ್ಲಿ ಮಾಮೂಲು. ನಿಮ್ಮ ಅಂಗಡಿಯಲ್ಲಿ ಬಾತ್‌ರೂಮ್ ಇದ್ದರೆ ನಿಮ್ಮ ಮನೆಯವರು ಆ ಹುಡುಗಿಗೆ ಅದರ ದಾರಿ ತೋರಿಸಲಿ. ಅಂಗಡಿ ಕೆಲಸಕ್ಕಿಂತ ದೊಡ್ಡ ಉಪಕಾರ ಅದು.

ಒಂಬತ್ತಕ್ಕೆ ನೀವು ಶಟರ್ ಎಳೆಯುತ್ತೀರಿ. ಆಗ ರಟ್ಟು ಹೊರಗೆ ಬರುತ್ತದೆ. ಬಟ್ಟೆ ಅಂಗಡಿಯ ರಟ್ಟು ಅಂದರೆ ಒಣಗಿದ್ದು, ಗಟ್ಟಿ, ಎಣ್ಣೆ ಜಿಡ್ಡಿಲ್ಲದ್ದು. ಗುಜರಿಯಲ್ಲಿ ಅದಕ್ಕೆ ಮರ್ಯಾದೆ. ಅದಕ್ಕಾಗಿ ಕಾದಿರುತ್ತಾನೆ. ಮನೆ ತಲುಪುವ ಹೊತ್ತಿಗೆ ಹತ್ತಾಗಿರುತ್ತದೆ. ಮತ್ತೆ ಐದಕ್ಕೆ ಏಳಬೇಕು.

ಇಷ್ಟು ಉದ್ದಕ್ಕೆ ಯಾಕೆ ಬರೆದೆ ಅಂದರೆ, ಈ ಮಕ್ಕಳು ಸುಮ್ನೆ ತಿರುಗಾಡುತ್ತಿಲ್ಲ. ಅವರದ್ದು ಬಿಗಿಯಾದ ಟೈಮ್‌ಟೇಬಲ್. ಅದನ್ನು ಹಾಕಿಕೊಟ್ಟವರು ದೊಡ್ಡವರು: ಕಸದ ಗಾಡಿ ಬರುವ ಹೊತ್ತು, ಗುಜರಿ ತೆರೆಯುವ ಹೊತ್ತು, ಉದ್ರಿ ಒಪ್ಪಿಸುವ ಹೊತ್ತು, ನಿಮ್ಮ ಶಟರ್ ಬೀಳುವ ಹೊತ್ತು. ಶಾಲೆ ಇವುಗಳ ನಡುವೆ ತೂರಿಕೊಂಡಿದೆ.

ದಿನದ ಹಾಗೆ ವರ್ಷಕ್ಕೂ ಒಂದು ಲೆಕ್ಕ ಇದೆ. ಇದೇ ಹುಡುಗ ನವೆಂಬರಿನಲ್ಲಿ ಕೆಲವು ವಾರ ಕಾಣದೇ ಇರಬಹುದು. ಗಾಬರಿ ಬೇಡ, ಹತ್ತಿ ಬಿಡಿಸಲು ಹೋಗಿರುತ್ತಾನೆ. ಬೆಳಗಾಗುವ ಮೊದಲೇ ಟಂಟಂ, ಟೆಂಪೋಗಳಲ್ಲಿ ಹೆಂಗಸರನ್ನೂ ಮಕ್ಕಳನ್ನೂ ತುಂಬಿಕೊಂಡು ಹೋಗುತ್ತಾರಲ್ಲ, ಅದರಲ್ಲಿ. ಅಲ್ಲಿ ಕೆಜಿ ಲೆಕ್ಕ, ಕೈ ಎಷ್ಟು ಚುರುಕೋ ಅಷ್ಟು ದುಡ್ಡು. ಹುಡುಗಿಯರನ್ನು ಹತ್ತಿ ಬೀಜದ ಹೊಲಗಳಿಗೆ, ಗಡಿಯಾಚೆ ಗದ್ವಾಲ್ ಕಡೆಗೂ, ಕ್ರಾಸಿಂಗ್ ಕೆಲಸಕ್ಕೆ ಕರೆದೊಯ್ಯುತ್ತಾರೆ. ಸಂಜೆ ಮೊಗ್ಗು ಬಿಡಿಸಿ ಗಂಡು ಭಾಗ ತೆಗೆಯುವುದು, ಬೆಳಗ್ಗೆ ಬೇರೆ ಹೂವಿನ ಪರಾಗ ಮುಟ್ಟಿಸುವುದು. ಸಣ್ಣ ಬೆರಳಿಗೇ ಆಗುವ ಕೆಲಸ ಅಂತ ದೊಡ್ಡವರು ಹೇಳಿಕೊಳ್ಳುತ್ತಾರೆ. ಸಣ್ಣ ಬೆರಳಿಗೆ ಕೂಲಿಯೂ ಸಣ್ಣದು, ಅದನ್ನು ಹೇಳುವುದಿಲ್ಲ. ಆಮೇಲೆ ಮೆಣಸಿನಕಾಯಿ ಬಿಡಿಸುವುದು. ಬೇಸಿಗೆ ರಜೆ ಬಂದರೆ ಬಸ್ ಸ್ಟ್ಯಾಂಡಿನಲ್ಲಿ ನೀರಿನ ಬಾಟಲಿ, ಉಪ್ಪು–ಖಾರ ಹಚ್ಚಿದ ಸೌತೆಕಾಯಿ. ದೇವದುರ್ಗ, ಲಿಂಗಸುಗೂರು ಕಡೆಯ ಸಂಸಾರವಾಗಿದ್ದರೆ ಅಷ್ಟರಲ್ಲಿ ಬೆಂಗಳೂರಿಗೆ ಗುಳೆಯೇ ಹೋಗಿರಬಹುದು. ರಜೆಯಲ್ಲಿ ಬಿಸಿಯೂಟ ನಿಲ್ಲುತ್ತದೆ, ಬರದ ವರ್ಷಗಳಲ್ಲಿ ಮಾತ್ರ ರಜೆಯಲ್ಲೂ ಕೊಟ್ಟಿದ್ದುಂಟು. ಊಟ ನಿಂತ ದಿನದಿಂದ ಬೀದಿಯಲ್ಲಿ ಮಕ್ಕಳು ಜಾಸ್ತಿಯಾಗುವುದನ್ನು ನೀವೇ ಈ ಏಪ್ರಿಲ್‌ನಲ್ಲಿ ಗಮನಿಸಿ.

ದುಡ್ಡು ಕೊಡಬೇಕೋ ಬೇಡವೋ? ಪೆನ್ನು ಬೇಕಿದ್ದರೆ ಕೊಳ್ಳಿ, ಚೌಕಾಸಿ ಮಾಡಬೇಡಿ. ಸುಮ್ಮನೆ ಕೈಗೆ ದುಡ್ಡು ಹಾಕುವುದನ್ನು ನಾನು ಒಪ್ಪುವುದಿಲ್ಲ. ಪೆನ್ನಿಗಿಂತ ಕೈ ಚಾಚುವುದೇ ಲಾಭ ಅಂತಾದರೆ ಮನೆಯವರು ಇನ್ನೂ ಸಣ್ಣ ಮಗುವನ್ನು ಕಳಿಸುತ್ತಾರೆ. ಅದೂ ಅಲ್ಲದೆ ರಾತ್ರಿ ಹೊತ್ತಿನಲ್ಲಿ ಈ ಮಕ್ಕಳ ಜೇಬಿನ ಮೇಲೆ ದೊಡ್ಡ ಹುಡುಗರ ಕಣ್ಣಿರುತ್ತದೆ. ಉಳಿಸಿದರೆ ಕಿತ್ತುಕೊಳ್ಳುತ್ತಾರೆ ಅಂತ ಮಕ್ಕಳು ಬಂದದ್ದನ್ನು ಅಲ್ಲೇ ಖರ್ಚು ಮಾಡುತ್ತಾರೆ, ಮಿರ್ಚಿ ಮಂಡಕ್ಕಿಗೋ ಮೊಬೈಲ್ ಗೇಮಿಗೋ. ನೋಡುವವರು ದುಂದುಗಾರರು ಅಂತಾರೆ. ಚೂಟಿಯಾದವರು ನಂಬಿಕೆಯ ಪಾನ್ ಅಂಗಡಿಯಲ್ಲಿ ದುಡ್ಡು ಇಟ್ಟಿರುತ್ತಾರೆ. ದೆಹಲಿಯಲ್ಲಿ ಬೀದಿ ಮಕ್ಕಳೇ ನಡೆಸುವ ಉಳಿತಾಯ ಬ್ಯಾಂಕು ಶುರುವಾಗಿದ್ದು ಈ ಕಷ್ಟದಿಂದಲೇ. ಹತ್ತು ವರ್ಷ ತುಂಬಿದ ಮಗು ತನ್ನ ಹೆಸರಿನಲ್ಲೇ ಬ್ಯಾಂಕ್ ಖಾತೆ ತೆರೆದು ತಾನೇ ನಡೆಸಲು ರಿಸರ್ವ್ ಬ್ಯಾಂಕಿನ ಒಪ್ಪಿಗೆ ಇದೆ. ಕಾಗದಪತ್ರ ಹೊಂದಿಸುವುದೇ ತಲೆನೋವು. ಇನ್ನೊಂದು ಮಾತು: ನಿಮ್ಮ ಸಾಲಿನ ಯಾವ ಅಂಗಡಿಯವರಾದರೂ ಇವನ ಕೈಗೆ ಗುಟ್ಕಾ, ಬೀಡಿ ಕೊಡುತ್ತಿದ್ದರೆ ಅದು ಏಳು ವರ್ಷದವರೆಗೆ ಜೈಲಾಗುವ ಅಪರಾಧ ಅಂತ ಅವರಿಗೆ ಮೆಲ್ಲಗೆ ತಿಳಿಸಿ.

ಈಗ 1098. 1996ರಲ್ಲಿ ಮುಂಬೈನಲ್ಲಿ ಶುರುವಾದ ಸಹಾಯವಾಣಿ. 2023ರಿಂದ ಸರ್ಕಾರವೇ ನಡೆಸುತ್ತಿದೆ, ತುರ್ತು ಕರೆಯ 112ಕ್ಕೂ ಜೋಡಿಸಿದ್ದಾರೆ. ಹಗಲು ರಾತ್ರಿ ಇರುತ್ತದೆ, ಪುಕ್ಕಟೆ. ಕೂಡಿ ಹಾಕುತ್ತಾರಾ? ಮಗುವನ್ನು ಕರೆದುಕೊಂಡು ಹೋದರೆ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಒಬ್ಬ ಅಧ್ಯಕ್ಷರು, ನಾಲ್ಕು ಸದಸ್ಯರು ಇರುವ ಸಮಿತಿ ಅದು. ಮನೆಯ ಸ್ಥಿತಿ ಏನು ಅಂತ 15 ದಿನದೊಳಗೆ ವರದಿ ತರಿಸಿ, ನಾಲ್ಕು ತಿಂಗಳೊಳಗೆ ತೀರ್ಮಾನ ಕೊಡಬೇಕು. ಅವ್ವ ಇದ್ದು, ಮನೆ ಸುರಕ್ಷಿತವಾಗಿದ್ದರೆ ಮಗು ಮನೆಗೇ ಹೋಗುತ್ತದೆ. ಅಲ್ಲಿಯವರೆಗೆ ಬಾಲಮಂದಿರದಲ್ಲಿ ಇರಬೇಕಾಗಬಹುದು. ಮಕ್ಕಳಿಗೆ ಆ ಹೆಸರು ಕೇಳಿದರೇ ಭಯ, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ನನಗೆ ಸಿಟ್ಟು ಬರುವುದು ಬೇರೆ ಕಡೆ. ಪ್ರತಿ ಜೂನ್ 12, ಬಾಲಕಾರ್ಮಿಕ ವಿರೋಧಿ ದಿನ, ಅದರ ಆಸುಪಾಸು ದಾಳಿ ನಡೆಯುತ್ತದೆ, ಫೋಟೋ ಬರುತ್ತದೆ. ಸ್ವಲ್ಪ ದಿನ ಬಿಟ್ಟು ನೋಡಿದರೆ ಅದೇ ಮಗು ಮತ್ತೆ ದುಡಿಯುತ್ತಿರುತ್ತದೆ, ಈ ಸಲ ಕತ್ತಲಾದ ಮೇಲೆ ಅಥವಾ ಒಳಗಿನ ಕೋಣೆಯಲ್ಲಿ. ಮಗು ತರುತ್ತಿದ್ದ ದುಡ್ಡು ಮನೆಯಲ್ಲಿ ಯಾವ ಖರ್ಚಿಗೆ ಹೋಗುತ್ತಿತ್ತು ಅಂತ ಯಾರೂ ಕೇಳಿರುವುದಿಲ್ಲ. ಆ ಖರ್ಚು ನೀಗಿಸಲು ದಾರಿ ಇಲ್ಲದೇ ಇಲ್ಲ. ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಪ್ರಾಯೋಜಕತ್ವ ಅಂತ ಇದೆ. ಗಂಡ ತೀರಿಹೋದ ಅಥವಾ ಬಿಟ್ಟುಹೋದ ತಾಯಂದಿರ ಮಕ್ಕಳು, ಪೋಷಕರು ಹಾಸಿಗೆ ಹಿಡಿದಿರುವ ಮಕ್ಕಳು, ದುಡಿಮೆಯಿಂದ, ಬೀದಿಯಿಂದ ಬಂದ ಮಕ್ಕಳು ಇದಕ್ಕೆ ಬರುತ್ತಾರೆ. ತಿಂಗಳಿಗೆ 4,000 ರೂಪಾಯಿ. ಮನೆಯ ವರ್ಷದ ಆದಾಯ ಪಟ್ಟಣದಲ್ಲಿ 96,000, ಹಳ್ಳಿಯಲ್ಲಿ 72,000 ದಾಟಿರಬಾರದು. ಅರ್ಜಿ ಕೊಡುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ. ಹೂ ಕಟ್ಟುವ ಅವ್ವನಿಗೆ ಈ ಹೆಸರೇ ಗೊತ್ತಿರುವುದಿಲ್ಲ.

ಕಾನೂನಿನಲ್ಲಿ ಒಂದು ತೂತು ಇದೆ, ಅದನ್ನೂ ಹೇಳಬೇಕು. ಸ್ವಂತ ಮನೆಯ ಕಸುಬಿಗೆ ಮಗು ಶಾಲೆಯ ಹೊತ್ತು ಮುಗಿದ ಮೇಲೆ ನೆರವಾಗಬಹುದು ಅಂತ 2016ರ ತಿದ್ದುಪಡಿ ಬಿಟ್ಟುಕೊಟ್ಟಿದೆ. ಹೂವು ಅವ್ವನದು, ಮಗಳು ನೆರವಾಗ್ತಿದ್ದಾಳೆ ಅಂದರೆ ಕೇಳಲು ಬಂದವರು ಹೊರಟುಹೋಗುತ್ತಾರೆ. ಆದರೆ 2017ರ ನಿಯಮಗಳಲ್ಲಿ ಆ ನೆರವಿಗೂ ಮಿತಿ ಇದೆ: ದಿನಕ್ಕೆ ಮೂರು ಗಂಟೆ ಮೀರಬಾರದು, ಸಂಜೆ 7ರಿಂದ ಬೆಳಗ್ಗೆ 8ರವರೆಗೆ ಕೂಡದು. ಅಂದರೆ ರಾತ್ರಿ ಒಂಬತ್ತಕ್ಕೆ ನಿಮ್ಮ ಅಂಗಡಿ ಮುಂದೆ ಆ ಹುಡುಗಿ ಕೂತಿರುವುದು, ಅವ್ವ ಪಕ್ಕದಲ್ಲಿದ್ದರೂ, ನಿಯಮಕ್ಕೆ ವಿರುದ್ಧ. ಬೆಳಗಿನ ಐದರ ಚೀಲವೂ ಹಾಗೆಯೇ.

ಕೆಲವು ಸಂದರ್ಭಗಳಲ್ಲಿ ಯೋಚಿಸುತ್ತ ಕೂರಬೇಡಿ, ಆ ಕ್ಷಣವೇ 1098 ಒತ್ತಿ. ಮೈಮೇಲೆ ಬರೆ, ಸುಟ್ಟ ಗಾಯ ಕಂಡರೆ. ಒಬ್ಬನೇ ಮನುಷ್ಯ ನಾಲ್ಕಾರು ಮಕ್ಕಳಿಂದ ದುಡ್ಡು ವಸೂಲಿ ಮಾಡುತ್ತಿದ್ದರೆ. ಮಕ್ಕಳನ್ನು ಭಿಕ್ಷೆಗೆ ಬಿಡುವುದು ಐದು ವರ್ಷದವರೆಗೆ ಜೈಲಿನ ಅಪರಾಧ. ಮಗು ಪಂಕ್ಚರ್ ಸೊಲ್ಯೂಷನ್ ಬಟ್ಟೆಗೆ ಹಚ್ಚಿ ಮೂಸುತ್ತಿದ್ದರೆ. ರಾತ್ರಿ ಸ್ಟೇಷನ್ನಿನಲ್ಲಿ ಒಂಟಿಯಾಗಿದ್ದರೆ, ಅಲ್ಲಿ ರೈಲ್ವೆ ಪೊಲೀಸರಿಗೆ ಹೇಳಿದರೂ ಆಗುತ್ತದೆ. ಹುಡುಗಿಯ ಹತ್ತಿರ ಯಾರೋ ಪದೇ ಪದೇ ಬಂದು ಕರೆಯುತ್ತಿದ್ದರಂತೂ ಒಂದು ನಿಮಿಷವೂ ತಡ ಬೇಡ.

ನಿಮ್ಮ ಅಂಗಡಿ ಮುಂದಿನ ಇಬ್ಬರ ವಿಷಯದಲ್ಲಿ ಅಂಥದ್ದು ಏನೂ ಕಾಣದಿದ್ದರೆ ಮೊದಲು ಅವ್ವನನ್ನು ಹುಡುಕಿ. ಅದಕ್ಕೆ ದಾರಿ ನಿಮ್ಮ ಕೈಯಲ್ಲೇ ಇದೆ: ರಟ್ಟು. ಇವತ್ತಿನಿಂದ ರಾತ್ರಿ ಬಾಕ್ಸ್ ಕೊಡುವುದನ್ನು ನಿಲ್ಲಿಸಿ. "ನಾಳೆ ಹನ್ನೊಂದಕ್ಕೆ ನಿಮ್ಮವ್ವನ ಕಳಸು, ಎಲ್ಲಾ ಬಾಕ್ಸ್ ಆಕೀಗೇ ಕೊಡ್ತೀನಿ" ಅಂತ ಹುಡುಗನಿಗೆ ಹೇಳಿ. ಪಕ್ಕದ ಎರಡು ಮೂರು ಅಂಗಡಿಯವರನ್ನೂ ಒಪ್ಪಿಸಿದರೆ ಇನ್ನೂ ಒಳ್ಳೆಯದು, ಅವಳಿಗೆ ಬಂದು ಹೋಗುವ ಶ್ರಮಕ್ಕೆ ಬೆಲೆ ಬರುತ್ತದೆ. ಮನೆಗೆ ಬರುವ ದುಡ್ಡು ಅಷ್ಟೇ ಇರುತ್ತದೆ, ಮಕ್ಕಳು ಒಂಬತ್ತರವರೆಗೆ ಕಾಯುವ ಒಂದು ಕಾರಣ ಕಡಿಮೆಯಾಗುತ್ತದೆ. ಮೊದಲ ಎರಡು ದಿನ ಅವಳು ಬರದೇ ಇರಬಹುದು, ಪೊಲೀಸರಿಗೆ ಹಿಡಿದುಕೊಡ್ತಾರೇನೋ ಅಂತ ಅನುಮಾನ ಇರುತ್ತದೆ. ಮೂರನೇ ದಿನ ಬರುತ್ತಾಳೆ, ಒಣ ರಟ್ಟು ಬಿಟ್ಟುಕೊಡುವವರು ಕಡಿಮೆ.

ಬಂದಾಗ ಬೈಯಬೇಡಿ. ನಿಮ್ಮ ಮನೆಯವರು ಕೂರಿಸಿ ಮಾತಾಡಲಿ, ಒಂದು ಕಪ್ ಚಾ ಕೊಡಲಿ. ಯಾವ ಊರು, ರೇಷನ್ ಕಾರ್ಡ್ ಎಲ್ಲಿಯದು, ಗಂಡ ಜೊತೆಗಿದ್ದಾನಾ, ಗುಜರಿಯವನ ಹತ್ತಿರ ಮುಂಗಡ ಇದೆಯಾ, ಮಕ್ಕಳು ಯಾವ ಸಾಲಿ ಅಂತ ಕೇಳಿ. ಆಮೇಲೆ ಸಾಲಿಗೆ ಒಮ್ಮೆ ಹೋಗಿ ಮೇಷ್ಟ್ರಿಗೆ ಇವನು ಐದಕ್ಕೆ ಏಳುವ ವಿಷಯ ತಿಳಿಸಿ. ಒಂದು ವೇಳೆ ಹೆಸರೇ ಇಲ್ಲ ಅಂತಾದರೆ, 6ರಿಂದ 14 ವರ್ಷದ ಮಗುವನ್ನು ವರ್ಷದ ಯಾವ ತಿಂಗಳಲ್ಲಾದರೂ ಸೇರಿಸಿಕೊಳ್ಳಬೇಕು. ಜನನ ಪ್ರಮಾಣ ಪತ್ರ ಇಲ್ಲ, ಟಿಸಿ ಬಂದಿಲ್ಲ ಅಂತ ವಾಪಸ್ ಕಳಿಸುವಂತಿಲ್ಲ. ವಯಸ್ಸಿಗೆ ತಕ್ಕ ಕ್ಲಾಸಿಗೇ ಸೇರಿಸಿ, ಹಿಂದುಳಿದದ್ದಕ್ಕೆ ಬೇರೆಯಾಗಿ ಕಲಿಸಬೇಕು ಅಂತ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಆ ಕಾಯ್ದೆ 2010ರಿಂದ ಜಾರಿಯಲ್ಲಿದೆ.

ಗಂಡ ಇಲ್ಲ ಅಥವಾ ಹಾಸಿಗೆ ಹಿಡಿದಿದ್ದಾನೆ ಅಂತ ಗೊತ್ತಾದರೆ ಪ್ರಾಯೋಜಕತ್ವದ ಅರ್ಜಿಗೆ ಅವಳನ್ನು ಒಬ್ಬಳನ್ನೇ ಕಳಿಸಬೇಡಿ. ಇಂಥ ಕಚೇರಿಗಳಲ್ಲಿ ಅವಳಂಥವರಿಗೆ "ನಾಳೆ ಬಾ" ಅನ್ನುವುದು ಸುಲಭ, ಪಕ್ಕದಲ್ಲಿ ಅಂಗಡಿ ಸಾವ್ಕಾರ್ರು ನಿಂತಿದ್ದರೆ ಅಷ್ಟು ಸುಲಭವಲ್ಲ. ಮುಂಗಡ ಇದೆ ಅಂದರೆ ಎಷ್ಟು ಅಂತ ಕೇಳಿಕೊಂಡು ನನಗೆ ಮತ್ತೆ ಬರೆಯಿರಿ. ಅದನ್ನು ಬಿಡಿಸುವ ಕ್ರಮ ಬೇರೆ ಇದೆ.